ಇಬ್ಬರು ಸಾಕಾಗುವುದಿಲ್ಲ

ಶಶಾಂಕ ನನ್ನ ಹೊಲಿಗೆ ಅಂಗಡಿಗೆ ಬಂದದ್ದು ಚಾಪೆ ಸುತ್ತಿಡುವ ಚೀಲ ಹೊಲಿಸಲಿಕ್ಕೆ. ಮೈಸೂರಿನ ಯಾವುದೋ ಧ್ಯಾನ ಕೇಂದ್ರದ ಸಂಶೋಧಕ. ಮುಖದಲ್ಲಿ ಎಂಥ ಸಮಾಧಾನವೆಂದರೆ, ನೋಡಿದವರಿಗೆ ಸಿಟ್ಟು ಬರಬೇಕು. ಕಡಬ ಪೇಟೆಯ ಒಂದು ಸಭಾಭವನದಲ್ಲಿ ಮೂರು ತಿಂಗಳು ಸಂಜೆ ಹೊತ್ತು ಸಾಮೂಹಿಕ ಧ್ಯಾನ ಮಾಡಿಸುತ್ತಾನಂತೆ. ತಾಲೂಕಿನ ಜನಸಂಖ್ಯೆಯ ನೂರಕ್ಕೊಂದು ಪಾಲು ತೆಗೆದು, ಅದರ ವರ್ಗಮೂಲ ಹಾಕಿದರೆ ಮೂವತ್ತು ಚಿಲ್ಲರೆ ಬರುತ್ತದೆ. ಅಷ್ಟು ಜನ ಒಟ್ಟಿಗೆ ಕಣ್ಣು ಮುಚ್ಚಿ ಕೂತರೆ ಸಾಕು, ಇಡೀ ತಾಲೂಕಿನಲ್ಲಿ ಹೊಡೆದಾಟ ಕಮ್ಮಿಯಾಗುತ್ತದೆ, ಹೊರದೇಶಗಳಲ್ಲಿ ಇದನ್ನು ಸಂಶೋಧನೆ ಮಾಡಿ ಬರೆದಿದ್ದಾರೆ ಎಂದ.

"ಕಣ್ಣು ಮುಚ್ಚಿ ಕೂತ್ರೆ ಹೊಡೆದಾಟ ನಿಲ್ಲುದಾ? ಹಾಗಾದ್ರೆ ನಿಲ್ಬೇಕಿತ್ತು ಮಾರಾಯ್ರೆ. ನಮ್ಮ ಊರಿನ ದೊಡ್ಡವರು ಎಲ್ಲ ಹೊಡೆದಾಟಕ್ಕೂ ಕಣ್ಣು ಮುಚ್ಚಿಯೇ ಕೂತದ್ದು," ಎಂದೆ.

ಅವನಿಗೆ ನಗು ಬಂತು. ಲೆಕ್ಕಕ್ಕೆ ಒಬ್ಬರು ಕಮ್ಮಿ ಇದ್ದಾರೆ, ನೀವೇ ಬನ್ನಿ ಕಮಲಾವತಿ ಅಮ್ಮ ಎಂದ. ಒಪ್ಪಿಕೊಂಡೆ. ಸಮಾಜದ ಉದ್ಧಾರಕ್ಕೇನೂ ಅಲ್ಲ. ಅಂಗಡಿ ಮುಚ್ಚಿ ಬಾಡಿಗೆ ಕೋಣೆಗೆ ಹೋದರೆ ಬೆಳಗಿನವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಗಂಡ ಅಚ್ಚುತ ತೀರಿಕೊಂಡು ನಾಲ್ಕು ವರ್ಷವಾಯಿತು, ಮಕ್ಕಳಾಗಲಿಲ್ಲ. ಅಳತೆ ಕೊಡಲು ಬಂದ ಹೆಂಗಸರನ್ನು ಸುಮ್ಮನೆ ಎರಡೆರಡು ಸಲ ಅಳೆದು, ಅಷ್ಟು ಹೊತ್ತು ಮಾತಾಡಿಸಿದ್ದೂ ಉಂಟು. ಒಬ್ಬಳೇ ಇರುವುದು ನನಗೆ ಆಗುವುದಿಲ್ಲ. ಅಭ್ಯಾಸವಾಗುತ್ತದೆ ಎಂದವರೆಲ್ಲ ಸುಳ್ಳು ಹೇಳಿದರು.

ಮೊದಲ ಸಂಜೆ ಚಾಪೆ ಹಾಸಿ ಕೂತೆ. ಎಲ್ಲರೂ ಬಂದಾದ ಮೇಲೆ ಬಾಗಿಲಲ್ಲಿ ಒಬ್ಬಳು ಚಪ್ಪಲಿ ಬಿಚ್ಚಿ ಒಳಗೆ ಬಂದಳು. ನನ್ನ ತಂಗಿ ಈಶ್ವರಿ. ಖಾಲಿ ಇದ್ದದ್ದು ನನ್ನ ಪಕ್ಕದ ಚಾಪೆ ಮಾತ್ರ. ಅವಳು ನಿಂತಳು, ನನ್ನನ್ನು ನೋಡಿದಳು, ಬಂದು ಕೂತಳು. ಶಶಾಂಕ ಗಂಟೆ ಹೊಡೆದ, ಎಲ್ಲರೂ ಕಣ್ಣು ಮುಚ್ಚಿದರು. ನಿಮ್ಮ ಉಸಿರು ನೋಡಿ ಎಂದು ಅವನು ಹೇಳಿದರೆ ನನಗೆ ಅವಳ ಉಸಿರೇ ಕೇಳುತ್ತಿತ್ತು. ಸಣ್ಣವಳಿದ್ದಾಗ ನನ್ನ ಬೆನ್ನಿಗೆ ಅಂಟಿಕೊಂಡು ಮಲಗುತ್ತಿದ್ದಳಲ್ಲ, ಅದೇ ಉಸಿರು, ಎಡೆಯಲ್ಲಿ ಒಂದು ಸಣ್ಣ ಸೀಟಿ.

ನಮ್ಮಿಬ್ಬರಿಗೆ ಮಾತಿಲ್ಲದೆ ಒಂಬತ್ತು ವರ್ಷ. ಜಗಳ ನಮ್ಮದಲ್ಲ, ಗಂಡಂದಿರದ್ದು. ಅದೂ ಒಂದು ಸತ್ತ ಕೋಳಿಗೆ. ಕೋಳಿ ಅಂಕದಲ್ಲಿ ಅವಳ ಗಂಡ ಶೀನಪ್ಪನ ಹುಂಜ ನನ್ನ ಗಂಡನ ಹುಂಜವನ್ನು ಕೊಂದಿತು. ಸೋತ ಕೋಳಿ ಗೆದ್ದವನಿಗೆ ಸೇರಬೇಕು. ನಿನ್ನದು ಓಡಲಿಕ್ಕೆ ಹೊರಟಿತ್ತು, ಕೊಡುವುದಿಲ್ಲ ಎಂದರು ಇವರು, ನನ್ನ ಗಂಡ. ಶೀನಪ್ಪ ದೊಣ್ಣೆ ಎತ್ತಿದ, ಇವರ ಹೆಗಲೆಲುಬು ಮುರಿಯಿತು. ಪೊಲೀಸು ಬೇಡ ಎಂದರು ಹಿರಿಯರು. ಸರಿ, ಇಬ್ಬರೂ ದೈವದ ಎದುರು ನಿಂತು ಆಣೆ ಹಾಕಿದರು: ಈ ಮನೆಯವರು ಆ ಮನೆಯವರ ಹತ್ತಿರ ಮಾತಾಡಬಾರದು, ನೀರು ಮುಟ್ಟಬಾರದು. ಮುರಿದವರ ಮನೆಗೆ ದೋಷ ತಟ್ಟಲಿ. ಹೆಂಡಂದಿರನ್ನು ಕೇಳಿದವರು ಯಾರು? ಕೋಳಿಯನ್ನಾದರೂ ಕೇಳಿದ್ದರೆ ಅದು ಬೇಡ ಎನ್ನುತ್ತಿತ್ತು.

ಆಣೆ ಬಿಡಿಸಬೇಕಾದರೆ ಹಾಕಿದ ಇಬ್ಬರೂ ಒಟ್ಟಿಗೆ ಹೋಗಿ ನಿಲ್ಲಬೇಕು. ಇವರು ಹೋಗಿಬಿಟ್ಟರು. ಬೇರೆ ದಾರಿ ಉಂಟಾ ಎಂದು ತಂತ್ರಿಗಳನ್ನು ಕೇಳಬಹುದಿತ್ತು, ಶೀನಪ್ಪನಿಗೆ ಮನಸ್ಸಿಲ್ಲ. ಹಾಗೆ ಸತ್ತವರ ಸಿಟ್ಟನ್ನು ಬದುಕಿದವರು ಹೊತ್ತುಕೊಂಡಿದ್ದೇವೆ.

ಆಣೆ ಇರುವವರು ಒಂದು ಮಾತು ಹೇಳಲೇಬೇಕಾದರೆ ನಮ್ಮಲ್ಲಿ ಕಂಬಕ್ಕೆ ಹೇಳುತ್ತಾರೆ, ನಾಯಿಗೆ ಹೇಳುತ್ತಾರೆ. ಅದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ. ಇವರು ಸತ್ತ ದಿನ ಈಶ್ವರಿ ಅಂಗಳದಾಚೆ ನಿಂತು ಪೇರಳೆ ಮರಕ್ಕೆ ಹೇಳಿದ್ದಳು. "ಅಕ್ಕ ನಿನ್ನೆಯಿಂದ ಎಂತ ಸಹ ತಿನ್ಲಿಲ್ಲ. ಒಂದು ಲೋಟ ಗಂಜಿಯಾದ್ರೂ ಕುಡೀಲಿಕ್ಕೆ ಹೇಳು." ಅವತ್ತು ಬಂದ ನೂರಾರು ಜನರ ಸಾಂತ್ವನ ಮರೆತಿದ್ದೇನೆ. ಪೇರಳೆ ಮರಕ್ಕೆ ಹೇಳಿದ್ದು ಮರೆತಿಲ್ಲ.

ಹಾಗಾಗಿ ಆ ಧ್ಯಾನ ನನಗೆ ಹಬ್ಬವಾಯಿತು. ಅಲ್ಲಿ ಯಾರೂ ಯಾರೊಂದಿಗೂ ಮಾತಾಡಬಾರದು; ನಾವಿಬ್ಬರು ಎಲ್ಲರ ಹಾಗೆಯೇ ಆದೆವು. ದೈವಕ್ಕೂ ತಕರಾರಿಲ್ಲ, ಶೀನಪ್ಪನಿಗೂ ಇಲ್ಲ. ಪೇಟೆಗೆ ಬಂದ ದಾರಿಯಲ್ಲಿ ಧ್ಯಾನ ಎಂದರೆ ಯಾರು ಬೇಡ ಎನ್ನುತ್ತಾರೆ? ಮರುದಿನದಿಂದ ಯಾರು ಮೊದಲು ಬಂದರೂ ಪಕ್ಕದ ಚಾಪೆಯ ಮೇಲೆ ಚೀಲ ಇಡುತ್ತಿದ್ದೆವು. ಅವಳ ಕೂದಲು ಬೆಳ್ಳಗಾದದ್ದನ್ನು ಹತ್ತಿರದಿಂದ ನೋಡಿದೆ. ಅವಳ ಮಗಳು ಭವಿತಾ ಚೊಚ್ಚಲ ಬಸುರಿ ಎನ್ನುವುದನ್ನು ಬೇರೆಯವರ ಬಾಯಿಂದ ಕೇಳಿ ತಿಳಿದೆ. ನಾನು ಎತ್ತಿ ಆಡಿಸಿದ ಮಗು. ಕಣ್ಣು ಮುಚ್ಚಿ ಕೂತವರಲ್ಲಿ ಹೆಚ್ಚು ಧ್ಯಾನ ಮಾಡಿದವಳು ನಾನೇ ಇರಬೇಕು, ಆದರೆ ನನ್ನ ಧ್ಯಾನವೆಲ್ಲ ಪಕ್ಕದ ಚಾಪೆಯದ್ದು.

ಮೂರು ತಿಂಗಳು ಬೇಗ ಕಳೆಯಿತು. ಕೊನೆಯ ಸಂಜೆ ಶಶಾಂಕ ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ಹೊಡೆದಾಟದ ಕೇಸುಗಳು ಕಳೆದ ವರ್ಷಕ್ಕಿಂತ ಕಮ್ಮಿಯಾಗಿವೆಯಂತೆ. ಇದು ಧ್ಯಾನದಿಂದಲೇ ಎಂದು ಹೇಗೆ ಗೊತ್ತು ಎಂದು ಒಬ್ಬರು ಕೇಳಿದರು. ಇನ್ನಷ್ಟು ಅಧ್ಯಯನ ಬೇಕು ಎಂದ. ಆಮೇಲೆ ಅನುಭವ ಹೇಳಿ ಎಂದು ಮೈಕು ಹಿಡಿದುಕೊಂಡು ನಮ್ಮ ಸಾಲಿಗೆ ಬಂದ.

ಈಶ್ವರಿ ಎದ್ದು ನಿಂತಳು. ಎದುರಿನವರನ್ನು ನೋಡಲೇ ಇಲ್ಲ, ಮೈಕನ್ನೇ ನೋಡಿದಳು.

"ನಮ್ಮಲ್ಲಿ ಹೊಡೆದಾಟ ನಿಂತು ಒಂಬತ್ತು ವರ್ಷ ಆಯ್ತು ಸರ್. ಒಂದು ಪೆಟ್ಟು ಸಹ ಇಲ್ಲ. ಮಾತು ಸಹ ಇಲ್ಲ. ನನಗೆ ಇರುದು ಒಬ್ಳೇ ಅಕ್ಕ. ಮಗಳಿಗೆ ಈಗ ಏಳು ತಿಂಗಳು. ಬಾಳಂತಿಗೆ ಎಂತ ಮದ್ದು, ಎಂತ ಪಥ್ಯ, ನಮ್ಮ ಅಮ್ಮ ಮಾಡ್ತಿದ್ದದ್ದೆಲ್ಲ ಅಕ್ಕನಿಗೇ ಗೊತ್ತಿರುದು. ಕೇಳುವ ಹಾಗಿಲ್ಲ. ನಿಮ್ಮ ಲೆಕ್ಕದಲ್ಲಿ ನಮ್ಮದು ಶಾಂತಿಯಾ ಸರ್?"

"ಹಿಂಸೆ ಇಲ್ಲವಲ್ಲಮ್ಮ, ಅದೇ ದೊಡ್ಡದು," ಎಂದ ಶಶಾಂಕ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ ಚಪ್ಪಾಳೆ ತಟ್ಟಿದ ಕೈಗಳಿಗೆಲ್ಲ ಸೂಜಿ ಚುಚ್ಚಬೇಕು ಎನ್ನಿಸಿತು.

ಮೈಕು ನನ್ನ ಕೈಗೆ ಬಂತು. ಊರಿಡೀ ಬಾಯಿಬಡುಕಿ ಎನ್ನಿಸಿಕೊಂಡವಳು ನಾನು. ಕೇಳಿದ್ದು ಒಂದೇ ಪ್ರಶ್ನೆ. "ನಾಳೆಯಿಂದ ಬಾಗಿಲು ತೆಗೀತೀರಾ ಸರ್? ಇಬ್ಬರೇ ಬಂದ್ರೆ?"

"ಸಮಾಜದ ಮೇಲೆ ಪರಿಣಾಮ ಆಗಬೇಕಾದರೆ ಸಂಖ್ಯೆ ಬೇಕಮ್ಮ. ಇಬ್ಬರು ಸಾಕಾಗುವುದಿಲ್ಲ."

"ಆಗದಿದ್ರೆ ಬೇಡ. ನಾನಂತೂ ಇದೇ ಹೊತ್ತಿಗೆ ಬಂದು ಹೊರಗೆ ಮೆಟ್ಟಿಲಲ್ಲಿ ಕೂತ್ಕೊಳ್ತೇನೆ," ಎಂದೆ. ಜನ ನಕ್ಕರು. ಈಶ್ವರಿ ಚಾಪೆ ಸುತ್ತುತ್ತಿದ್ದಳು.

ಮರುದಿನ ಬೀಗ ಹಾಕಿದ ಬಾಗಿಲ ಎದುರು ಒಬ್ಬಳೇ ಕೂತೆ. ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ದಾರಿಯಲ್ಲಿ ಹೋಗುವವರು ಎಂತ ಕಮಲಕ್ಕ, ಬೀಗ ಕಾಯುದಾ ಎಂದರು. ಹೌದು, ಸಂಬಳ ಇಲ್ಲದ ಕೆಲಸ ಎಂದೆ. ಕೋಣೆಗೆ ಹಿಂತಿರುಗಿ ದೀಪ ಹಾಕುವಾಗ, ಇನ್ನು ಸಾಯುವವರೆಗೆ ಹೀಗೆಯೇ ಎಂದು ಅರ್ಥವಾಗಿ ಅತ್ತೆ.

ಆಮೇಲಿನ ವಾರ ಒಂದು ಸಂಜೆ ತನ್ನೂರು ಪೆರಾಬೆ ಕಡೆಯ ಬಸ್ಸಿನಿಂದ ಅವಳು ಇಳಿದಳು. ಬಂದು ಅದೇ ಮೆಟ್ಟಿಲಲ್ಲಿ, ಒಂದು ಚಾಪೆಯ ಅಗಲ ಬಿಟ್ಟು ಕೂತಳು. ಇಬ್ಬರೂ ಕಣ್ಣು ಮುಚ್ಚಿದೆವು. ಎಷ್ಟೋ ಹೊತ್ತಾಯಿತು. ಮುಗಿಯಿತು ಎಂದು ಗಂಟೆ ಹೊಡೆಯುವವರು ಇರಲಿಲ್ಲ. ಹಾಗಾಗಿ ಯಾರೂ ಏಳಲಿಲ್ಲ.

ಪೆರಾಬೆಗೆ ಹೋಗುವ ಕೊನೆಯ ಬಸ್ಸು ಬಂದು ಎದುರಿಗೇ ನಿಂತು ಹಾರ್ನ್ ಹಾಕಿತು. ಕಣ್ಣು ತೆರೆದೆ. ಅವಳು ತೆರೆಯಲಿಲ್ಲ. ಅಷ್ಟು ದೊಡ್ಡ ಹಾರ್ನ್ ಕೇಳದ ಕಿವಿ ಅವಳದ್ದಲ್ಲ. ಬಸ್ಸು ಹೊರಟುಹೋಯಿತು. ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಮಾತಾಡಿದರೆ ಮುರಿದವರ ಮನೆಗೆ ತಟ್ಟುತ್ತದೆ. ಅವಳ ಮನೆಯಲ್ಲಿ ಹೊಟ್ಟೆಯಲ್ಲೊಂದು ಕೂಸು ಉಂಟು. ಅವಳು ಹೇಗೆ ಬಾಯಿ ತೆರೆದಾಳು? ನನ್ನ ಮನೆ ಎಂದರೆ ಒಂದು ಕೋಣೆ, ಒಂದು ಮಿಷನ್ನು. ತಟ್ಟುವುದಕ್ಕೆ ನಾನೊಬ್ಬಳೇ ಇರುವುದು. ಒಬ್ಬಳೇ ಇರುವುದರಿಂದ ಒಂದು ಉಪಕಾರವಾದದ್ದು ನನಗೆ ಅದೇ ಮೊದಲು.

"ಈಶ್ವರಿ," ಎಂದೆ. "ಬಸ್ಸು ಹೋಯ್ತು."

ಅವಳು ಕಣ್ಣು ತೆರೆದಳು. ನನ್ನ ಕಡೆ ತಿರುಗಲು ಹೊರಟ ಮುಖವನ್ನು ಕಷ್ಟಪಟ್ಟು ಬಾಗಿಲಿನತ್ತ ತಿರುಗಿಸಿದಳು. ಅಲ್ಲಿ ಬೀಗ ನೇತಾಡುತ್ತಿತ್ತು. ಅದಕ್ಕೆ ಹೇಳಿದಳು.

"ಹೋಗ್ಲಿ. ರಿಕ್ಷಾ ಉಂಟಲ್ಲ. ಬಾಳಂತಿ ಮದ್ದಿಗೆ ಎಂತೆಲ್ಲ ಬೇಕು ಅಂತ ಅಕ್ಕ ಹೇಳ್ಲಿ. ನಾನು ಕೇಳ್ತಾ ಇದ್ದೇನೆ ಅಂತ ಹೇಳು."

ನಾನು ಹೇಳತೊಡಗಿದೆ.