ನೀಲಿ ಮೋರೆಯ ಮಂದೆ

ಯಲಹಂಕದಿಂದ ಮೇಲೆದ್ದ ವಿಮಾನವೊಂದರ ರೆಕ್ಕೆ ತಗುಲಿ ಆಕಾಶದ ಅಂಚು ಹರಿದು, ಎತ್ತಿನ ಗಾಡಿಯಷ್ಟು ಅಗಲದ ತುಂಡೊಂದು ರಾಜಾನುಕುಂಟೆಯ ಕೆರೆಗೆ ಬಿತ್ತಂತೆ. ದಾಸಪ್ಪನ ಮೂವತ್ತೆರಡು ಕುರಿಗಳು ಆ ನೀರಿಗೆ ಬಾಯಿಟ್ಟವಂತೆ. ತಲೆ ಎತ್ತುವಷ್ಟರಲ್ಲಿ ಮೂವತ್ತೆರಡರ ಬಿಳಿ ಮೋರೆಯೂ ನೀಲಿಯಾಗಿತ್ತಂತೆ!

"ಅಂತೆ ಅಲ್ಲ, ನಾನೇ ಕಣ್ಣಾರೆ ಕಂಡಿವ್ನಿ," ಎಂದು ಬಸ್ ನಿಲ್ಲುವಲ್ಲಿನ ಟೀ ಅಂಗಡಿಯ ಮುಂದೆ ದಾಸಪ್ಪ ಕೂಗಿ ಹೇಳಿದ. "ಸುಳ್ಳು ಅನ್ನೋರು ಆ ಬೆಳ್ಳಕ್ಕಿಗಳ ಮೂತಿ ನೋಡ್ಕಳ್ಳಿ. ನನ್ ಕುರಿ ಮೋರೆ ಮೇಲಿನ ನೊಣ ಇಡಿಯಾಕೆ ಓಗಿ ಅವೂ ನೀಲಿ ಆಗವೆ. ಇನ್ ಮ್ಯಾಲೆ ಇವುಕ್ಕೆ ಕಾಯ್ಲೆ ಇಲ್ಲ, ಕಸಾಲೆ ಇಲ್ಲ. ಇವುಗಳ ತುಪ್ಪಟದಾಗೆ ನೇಯ್ದ ಕಂಬ್ಳಿ ಒದ್ದೋನ್ಗೆ ನೂರು ವರ್ಸ ಚಳಿ ಆಗಲ್ಲ. ಆ ನೀರ್ನ ಒಂದ್ ಕೊಡ ಇಡಿದಿಟ್ಟಿವ್ನಿ, ಗೊತ್ತಾ?"

ಬೆಳ್ಳಕ್ಕಿಗಳ ಕೊಕ್ಕು ನೀಲಿಯಾಗಿದ್ದುದಂತೂ ನಿಜವೇ. ಜನ ಅರ್ಧ ನಕ್ಕರು, ಅರ್ಧ ನಂಬಿದರು.

ಅದು ಎಪ್ಪತ್ತೆಂಟರ ಬೇಸಿಗೆ. ಆ ಬಿಸಿಲಿಗೆ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತಿದ್ದವು. ಅಂಥದರಲ್ಲೂ ದಾಸಪ್ಪ ಕರಿಕಂಬಳಿಯನ್ನು ಕುತ್ತಿಗೆಯಿಂದ ಮೊಣಕಾಲಿನವರೆಗೆ ಸುತ್ತಿಕೊಂಡಿದ್ದ. ಯಾಕೆಂದು ಕೇಳಿದವರಿಗೆ, "ಆಕಾಸ ಅಂದ್ರೆ ಐಸ್ ಕಣ್ರಯ್ಯಾ, ಮುಟ್ಟಿದ್ಕೆ ನಡುಕ ಇಡಿದದೆ," ಎಂದ. ಕಂಬಳಿಯೊಳಗೆ ಬೆವರು ಹಳ್ಳವಾಗಿ ಹರಿಯುತ್ತಿತ್ತು. ಅವನ ನಾಲಿಗೆ ಒಂದೇ ಸಮನೆ ಓಡುತ್ತಿದ್ದರೂ ಕೈ ಮಾತ್ರ ಒಮ್ಮೆಯೂ ಹೊರಗೆ ಬರಲಿಲ್ಲ.

ವಿಷಯ ಇಷ್ಟೇ. ನಾಲ್ಕು ದಿನದ ಹಿಂದೆ ಅವನ ಮೂರು ಕುರಿಗಳ ತುಟಿಯ ಮೇಲೆ ಹುಣ್ಣು ಎದ್ದಿತ್ತು. ಆ ಕಡೆಯ ಕುರುಬರಲ್ಲಿ ಒಂದು ಕಟ್ಟುಪಾಡಿತ್ತು. ಮಂದೆಯಲ್ಲಿ ಒಂದಕ್ಕೆ ಬಾಯಿಹುಣ್ಣು ಬಂದರೂ ರೊಪ್ಪದ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು. ಸೊಪ್ಪು ಬಿಚ್ಚುವ ತನಕ ಮಂದೆ ಕೆರೆಗೆ ಇಳಿಯುವಂತಿಲ್ಲ, ಹೆಸರಘಟ್ಟದ ಹುಲ್ಲಿಗೆ ಹೋಗುವಂತಿಲ್ಲ. ದಾಸಪ್ಪನೋ, "ನನ್ ರೊಪ್ಪದ ಕಡೆ ತಲೆ ಆಕಾಕೆ ಕಾಯ್ಲೆಗೇ ಧೈರ್ಯ ಇಲ್ಲ," ಎಂದು ಇಪ್ಪತ್ತು ವರ್ಷದಿಂದ ಸಾರಿಕೊಂಡು ಬಂದವನು. ಅವನಿಗೆ ಬೇವು ಕಟ್ಟುವುದೆಂದರೆ ಸಂತೆಯಲ್ಲಿ ನಿಂತು ಮೀಸೆ ಬೋಳಿಸಿಕೊಂಡ ಹಾಗೆ.

ಯಲಹಂಕದಿಂದ ಹುಣ್ಣಿಗೆ ಹಚ್ಚುವ ನೀಲಿ ಔಷಧಿಯ ಬಾಟಲಿ ತಂದ. ಮೂರರ ಬಾಯಿಗೆ ಮಾತ್ರ ಹಚ್ಚಿದರೆ ಊರಾಚೆಯಿಂದಲೇ ಕಾಣುತ್ತದೆ. ಅದಕ್ಕೇ ಔಷಧಿಗೆ ಒಂದು ಕೊಡ ನೀರು, ಬಟ್ಟೆಗೆ ಹಾಕುವ ನೀಲಿ ಪುಡಿ ಎಲ್ಲ ಬೆರೆಸಿ, ಒಂದೇ ಚಿಂದಿಬಟ್ಟೆ ಅದ್ದಿ ಅದ್ದಿ ಇಡೀ ಮಂದೆಯ ಮೋರೆಗೆ ಬಳಿದುಬಿಟ್ಟ. ಕುರಿಗಳು ಒಂದರ ಪಕ್ಕೆಗೆ ಒಂದು ಮೂತಿ ಉಜ್ಜಿ ತುಪ್ಪಟವೂ ಅಲ್ಲಲ್ಲಿ ನೀಲಿಯಾಯಿತು. ದಾಸಪ್ಪನ ಕೈಗಳೂ ಮೊಣಕೈವರೆಗೆ ನೀಲಿಯಾದವು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಕಂಬಳಿ ಸುತ್ತಿಕೊಂಡದ್ದು ಅದಕ್ಕೇ.

"ಬೇವು ಕಟ್ಟಿದ್ರೆ ಇಪ್ಪತ್ ದಿನಕ್ಕೆ ಮುಗೀತಿತ್ತು," ಎಂದಳು ಹೆಂಡತಿ ಮುನಿನಾರಾಯಣಮ್ಮ. "ನೀನು ಕಟ್ಟಿರೋ ಕಥೆ ಎಂದಿಗೆ ಮುಗೀತದೆ?"

"ಸುಮ್ಕಿರಮ್ಮಿ. ಬಾಯಿ ಬಿಟ್ಟೀಯಾ!"

ಮಾರನೆಯ ದಿನವೇ ಬಂದವಳು ಚನ್ನಕ್ಕ. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಒಂದು ಹೆಣ್ಣುಕುರಿ. ಅದು ಈದು ವಾರವಾಗಿತ್ತು. ತಾಯಿಯನ್ನು ಹಗ್ಗ ಹಿಡಿದು, ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು. "ದಾಸಣ್ಣ, ನಂಗಿರೋದು ಇವೆರಡೇ ಜೀವ. ಆ ನೀರ್ನ ಇವುಕ್ಕೂ ಒಸಿ ಸೋಕ್ಸು."

ಇಲ್ಲವೆಂದರೆ ಕಥೆ ಕಳಚಿಬೀಳುತ್ತದೆ. ದಾಸಪ್ಪ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ತಾಯಿ ಮರಿ ಎರಡನ್ನೂ ಒಳಗೊಯ್ದು, ಅದೇ ಕೊಡ, ಅದೇ ಚಿಂದಿ ಹಿಡಿದು ಬಳಿದು ಕಳಿಸಿದ.

ವಾರ ಕಳೆಯುವುದರೊಳಗೆ ಮೂರು ಹದಿಮೂರಾಯಿತು. ಆಮೇಲೆ ಎಣಿಸುವ ಧೈರ್ಯ ಸಾಲಲಿಲ್ಲ. ನೀಲಿಯ ಕೆಳಗೆ ತುಟಿಗಳು ಊದಿ ಹಕ್ಕಳೆಗಟ್ಟಿದವು. ಹುಲ್ಲು ಮುಂದಿದ್ದರೂ ಕುರಿಗಳು ಮೂಸಿ ಮೂಸಿ ಬಿಟ್ಟವು. ದಾಸಪ್ಪ ಮಂದೆಯನ್ನು ಹೊರಗೆ ಬಿಡದೆ, ಒಂದೊಂದಕ್ಕೂ ರಾಗಿ ಗಂಜಿಯನ್ನು ಬಿದಿರ ಗೊಟ್ಟದಲ್ಲಿ ಕುಡಿಸಿದ. ಕುರಿ ಒದರಿದಾಗಲೆಲ್ಲ ತಾನೂ ಜೋರಾಗಿ ಕೆಮ್ಮಿ ಆ ಸದ್ದು ಮುಚ್ಚಿದ. ಅಷ್ಟಾದರೂ ಕೇಳಿದವರಿಗೆ, "ನಮ್ ಕುರಿ ಈಗ ಗಾಳೀನೇ ತಿಂತವೆ, ಉಲ್ಲು ಬೇಡ್ವಂತೆ," ಎಂದ.

ಮಾತು ಅಮೃತಹಳ್ಳಿಯವರೆಗೂ ಹಬ್ಬಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮುಂದೆ ಎಂಟು ಜನ, ಅವರ ಹಿಂದೆ ಅರವತ್ತು ಕುರಿ.

"ನೀರು ಮುಗ್ದೋಯ್ತು," ಎಂದ ದಾಸಪ್ಪ.

"ಅಗೋ ಕೊಡ ಕಾಣ್ತದಲ್ಲಪ್ಪಾ! ಚನ್ನಕ್ಕಂಗೆ ಕೊಟ್ಟೆ, ನಾವೇನ್ ಪಾಪ ಮಾಡಿದ್ವಿ?" ಎಂದು ಮುಂದೆ ನಿಂತಿದ್ದ ಆನಂದಪ್ಪ ತನ್ನ ಟಗರನ್ನು ಒಳಗೇ ನೂಕಿದ.

ಅಷ್ಟರಲ್ಲಿ ಸ್ಕೂಟರೊಂದು ಬಂದು ನಿಂತಿತು. ಓಡಿಸುತ್ತಿದ್ದವರು ಯಲಹಂಕದ ದನದ ಡಾಕ್ಟರು ಜಯಸಿಂಹ. ಹಿಂದೆ ಚನ್ನಕ್ಕ, ಅವಳ ಮಡಿಲಲ್ಲಿ ಮರಿ. ದಾರಿಯಲ್ಲಿ ಅವರನ್ನು ತಡೆದು ಮರಿ ತೋರಿಸಿ, ದಾಸಪ್ಪನ ಮನೆಗೇ ಬಿಡಿ ಎಂದು ಹತ್ತಿದ್ದಳು.

"ಎರಡ್ ದಿನದಿಂದ ಹಾಲೇ ಕುಡಿದಿಲ್ವಂತೆ," ಎಂದು ನೆರೆದವರಿಗೆ ಹೇಳಿದ ಡಾಕ್ಟರು ಚನ್ನಕ್ಕನತ್ತ ತಿರುಗಿದರು. "ಇದರ ಬಾಯಿ ಹುಣ್ಣು, ತಾಯಿ ಕೆಚ್ಚಲೂ ಹುಣ್ಣು ಅಂತೀಯ. ಇದು ಮುಟ್ಟಿದ್ರೆ ಅಂಟೋ ಕಾಯಿಲೆ ಕಣಮ್ಮ. ಎಲ್ಲಿ ಮೇಯಿಸಿದ್ದೆ?"

"ಎಲ್ಲೂ ಇಲ್ಲ ಸಾಮಿ, ಮನ್ಯಾಗೇ ಕಟ್ಟಿದ್ದೆ. ದಾಸಣ್ಣ ಆಕಾಸದ ನೀರು ಸೋಕ್ಸಿದ್ದೊಂದೇ." ಚನ್ನಕ್ಕ ಇಳಿದು ನೇರ ದಾಸಪ್ಪನ ಬಳಿ ಬಂದಳು. "ಅವತ್ತು ನೀನು ಕಮ್ಮಿ ಬಳ್ದೆ ಅಂತ ಕಾಣ್ತದೆ ಅಣ್ಣ. ಇನ್ನೊಂದ್ ಕಿತ ಚೆನ್ನಾಗಿ ಬಳಿ. ನಿನ್ ಕಾಲಿಗೆ ಬೀಳ್ತೀನಿ."

ಮರಿಯನ್ನು ಅವನತ್ತ ಚಾಚಿಯೇಬಿಟ್ಟಳು. ಹಿಡಿಯದಿದ್ದರೆ ಕೆಳಗೆ ಬೀಳುತ್ತಿತ್ತು. ಕಂಬಳಿ ಜಾರಿತು. ಎರಡು ಕೈಗಳು ಹೊರಗೆ ಬಂದವು, ಮೊಣಕೈವರೆಗೆ ನೀಲಿ. ಬಲಗೈಯ ಹೆಬ್ಬೆರಳು ತೋರುಬೆರಳುಗಳ ಮೇಲೆ ಮರಿಯ ತುಟಿಯಲ್ಲಿದ್ದಂಥದೇ ಗುಂಡನೆಯ ಹುಣ್ಣು.

ಡಾಕ್ಟರು ಆ ಕೈ ನೋಡಿದರು, ಕೊಡ ನೋಡಿದರು, ಕೊಡದ ಅಂಚಿಗೆ ನೇತಾಡುತ್ತಿದ್ದ ಚಿಂದಿ ನೋಡಿದರು. "ಏನಪ್ಪಾ ದಾಸಪ್ಪ, ಈ ಹುಣ್ಣೂ ಆಕಾಶದಿಂದ ಬಿತ್ತಾ?"

ದಾಸಪ್ಪನ ನಾಲಿಗೆ ಎಂದಿನಂತೆ ಎದ್ದಿತು. ವಿಮಾನದ ಎಣ್ಣೆ, ಮಿಂಚು, ಕೆರೆಯ ಮೀನಿನ ಕಡಿತ, ಏನೇನೋ ತುದಿಗೆ ಬಂದವು. ಅಷ್ಟರಲ್ಲಿ ಹಸಿದ ಮರಿ ಮೂತಿ ಎತ್ತಿ ಅವನ ಬೆರಳನ್ನು ಮೊಲೆಯೆಂದು ಬಾಯಿಗೆ ಹಿಡಿಯಿತು. ಒಂದು ಸಲ ಚೀಪಿತು. ನೋವಿಗೆ ಬಿಟ್ಟು, ದನಿಯೇ ಇಲ್ಲದೆ ಬಾಯಿ ತೆರೆದು ಅತ್ತಿತು. ಮತ್ತೆ ಅದೇ ಬೆರಳನ್ನು ಹುಡುಕಿತು.

ದಾಸಪ್ಪ ಕಾಲಿನಿಂದ ಕೊಡವನ್ನು ಒದ್ದು ಉರುಳಿಸಿದ. ನೀಲಿ ನೀರು ಹಟ್ಟಿಯ ತುಂಬ ಹರಿಯಿತು. ಅರವತ್ತು ಕುರಿಗಳೂ ಹಿಂದೆ ಸರಿದವು.

"ಆಕಾಸ ಎಲ್ಲೂ ಅರ್ದಿಲ್ಲ ಸಾಮಿ," ಎಂದ. "ಮೂರಕ್ಕೆ ಬಾಯ್ಹುಣ್ಣು ಆಗಿತ್ತು. ಬೇವು ಕಟ್ಟಾಕೆ ಮರ್ವಾದೆ ಅಡ್ಡ ಬಂತು. ಕಾಣ್ದಂಗಿರ್ಲಿ ಅಂತ ಒಂದೇ ಬಟ್ಟೇಲಿ ಎಲ್ಲಾಕ್ಕೂ ಬಳ್ದೆ. ಚನ್ನಕ್ಕ, ನಿನ್ ಮರಿಗೆ ಕಾಯ್ಲೆ ಬಳ್ದೋನು ನಾನೇ ಕಣವ್ವ."

ಚನ್ನಕ್ಕ ಮರಿಯನ್ನು ಅವನ ಕೈಯಿಂದ ಕಿತ್ತುಕೊಂಡಳು.

ಡಾಕ್ಟರು ಚೀಲ ಬಿಚ್ಚಿದರು. "ಔಷಧಿ ಅಳತೆ ಮಾಡ್ಬೇಕು. ಒಟ್ಟು ಎಷ್ಟು ಕುರಿ?"

"ಮೂವತ್..." ಎಂದವನು ನಿಲ್ಲಿಸಿದ. ಊರೆಲ್ಲ ಅವನ ಮುಖವನ್ನೇ ನೋಡುತ್ತಿತ್ತು.

"ಅತ್ತೊಂಬತ್ತು ಸಾಮಿ. ಯಾವತ್ತೂ ಅತ್ತೊಂಬತ್ತೇ ಇದ್ದಿದ್ದು. ಚನ್ನಕ್ಕಂದೂ ಸೇರ್ಸಿ, ಇಪ್ಪತ್ತೊಂದು."