ಮಣಿಕಟ್ಟಿಗೆ ತುಂಬಿದ ಗಾಳಿ

ಉಪೇಂದ್ರನ ಬಲ ಮಣಿಕಟ್ಟಿಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು. ಅಲ್ಲಿನ ರಕ್ತನಾಳದಿಂದಲೇ ಬೆಳಿಗ್ಗೆ ತೂರಿಸಿದ ಕೊಳವೆ ಹೃದಯದ ಒಂದು ತಡೆ ಬಿಡಿಸಿತ್ತು. ಇನ್ನೊಂದು ತಡೆ ಬಾಕಿಯಿತ್ತು. ಮುಂದಿನ ತಿಂಗಳು ಅದಕ್ಕೂ ಇದೇ ದಾರಿ. ಎಡ ಮಣಿಕಟ್ಟು ಹಿಂದೆಯೇ ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋಗಿತ್ತು. ತೊಡೆಯ ನಾಳಗಳು ಕೆಟ್ಟಿವೆ, ಅಲ್ಲಿಂದ ಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಹೇಳುವಾಗ ಹೆಂಡತಿ ಊರ್ಮಿಳಾ ಪಕ್ಕದಲ್ಲೇ ಇದ್ದಳು.

ನರ್ಸ್ ವೇಣಿ ಸಿರಿಂಜಿನಿಂದ ಪಟ್ಟಿಯ ಗಾಳಿ ಸ್ವಲ್ಪ ತೆಗೆದಳು. ರಕ್ತದ ಹನಿಯೊಂದು ಮೂಡಿತು. ಅದು ನಿಲ್ಲುವಷ್ಟು ಮಾತ್ರ ಗಾಳಿ ಮತ್ತೆ ತುಂಬಿದಳು.

"ಏನಮ್ಮಾ, ಆಟ ಆಡ್ತಿದ್ದೀಯಾ?" ಉಪೇಂದ್ರ ಸಿಡುಕಿದ. "ಹೈಡ್ರಾಲಿಕ್ ಸೆಕ್ಷನ್ನಲ್ಲಿ ಫೋರ್ಮನ್ ಆಗಿ ರಿಟೈರ್ ಆದವನು ನಾನು. ಲೀಕ್ ಆದ್ರೆ ಟೈಟ್ ಮಾಡ್ಬೇಕು. ಲೂಸ್ ಮಾಡು ಅಂತ ಯಾವನು ಕಲಿಸಿದ?"

"ಇದು ಪೈಪಲ್ಲ ಸಾರ್. ಪೂರ್ತಿ ಅದುಮಿದ್ರೆ ಒಳಗೆ ರಕ್ತ ಹೆಪ್ಪುಗಟ್ಟಿ ನಾಳಾನೇ ಮುಚ್ಚಿಹೋಗುತ್ತೆ." ವೇಣಿ ಅವನ ಮುಖ ನೋಡದೆ ಸಿರಿಂಜನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟಳು. "ಎಮರ್ಜೆನ್ಸಿಗೆ ಇಲ್ಲೇ ಇರ್ಬೇಕು. ಯಾರೂ ಮುಟ್ಬೇಡಿ."

ಅವಳು ಪಕ್ಕದ ವಾರ್ಡಿಗೆ ಹೋದದ್ದೇ ತಡ, "ಅದನ್ನ ತಗೊಂಡು ತುಂಬು," ಎಂದ ಉಪೇಂದ್ರ ಹೆಂಡತಿಗೆ.

"ಬೇಡ ಕಣ್ರೀ, ಮುಟ್ಬೇಡಿ ಅಂದ್ಲಲ್ಲ."

"ರಕ್ತ ಸೋರಿ ಸಾಯ್ಲಿ ಅಂತ ಕಾಯ್ತಿದ್ದೀಯೇನೇ?"

ಫ್ಯಾಕ್ಟರಿ ಕ್ವಾರ್ಟರ್ಸಿನ ಕಾಲದಿಂದಲೂ ನಲ್ಲಿ, ಗ್ಯಾಸ್, ಉಪ್ಪಿನಕಾಯಿ ಜಾಡಿ ಎಲ್ಲವನ್ನೂ ಅವನ ಬೈಗುಳಕ್ಕೆ ಹೆದರಿ ಇನ್ನೊಂದು ಸುತ್ತು ಬಿಗಿಯುತ್ತಲೇ ಬಂದವಳು ಊರ್ಮಿಳಾ. ಸಿರಿಂಜು ಸಿಕ್ಕಿಸಿ ಒತ್ತಿದಳು. ಪಟ್ಟಿ ಉಬ್ಬಿತು.

ವೇಣಿ ಮರಳಿ ಬಂದು ಅವನ ಹೆಬ್ಬೆರಳಿಗೆ ನಾಡಿಯ ಅಲೆಯನ್ನು ಪರದೆಯಲ್ಲಿ ತೋರಿಸುವ ಕ್ಲಿಪ್ ಹಾಕಿ, ಮಣಿಕಟ್ಟಿನ ಇನ್ನೊಂದು ಪಕ್ಕದ, ಕಿರುಬೆರಳ ಕಡೆಯ ನಾಳವನ್ನು ಅದುಮಿ ಹಿಡಿದಳು. ಪಟ್ಟಿಯ ಕೆಳಗಿದ್ದ, ಹೆಬ್ಬೆರಳ ಕಡೆಯ ನಾಳದಲ್ಲಿ ರಕ್ತ ಹರಿಯುತ್ತಿದ್ದರೆ ಪರದೆಯ ಮೇಲಿನ ಅಲೆ ಉಳಿಯಬೇಕಿತ್ತು. ಅದು ಚಪ್ಪಟೆ ಗೆರೆಯಾಯಿತು. ಪಟ್ಟಿಯ ಗಾಳಿ ಇಳಿಸಿ ನೋಡಿದಳು. ಅಲೆ ಏಳಲಿಲ್ಲ.

"ಇಷ್ಟೊಂದು ಗಾಳಿ ಯಾರು ತುಂಬಿದ್ದು?"

"ನೀನೇ," ಎಂದ ಉಪೇಂದ್ರ. "ಬೆಳಿಗ್ಗೆ ಬಿಗಿದು ಹೋದವಳು ಈ ಕಡೆ ತಲೆನೇ ಹಾಕಿಲ್ಲ. ನಿನ್ನ ಕೆಲಸ ತೆಗೆಸಿಲ್ಲ ಅಂದ್ರೆ ಕೇಳು."

ವೇಣಿ ಡಾಕ್ಟರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. "ಬೆಳಿಗ್ಗೆಯಿಂದ ಹೀಗಿದ್ಯಾ, ಈಗ ಆಗಿದ್ದಾ?" ಎಂದಿತು ಆ ಕಡೆಯ ದನಿ. "ಈಗಷ್ಟೇ ಆಗಿದ್ರೆ ತೆರೆಸೋ ಚಾನ್ಸ್ ಜಾಸ್ತಿ. ನಿಜ ಹೇಳು."

"ನನ್ನ ಮಾತು ನಂಬಲ್ಲ ಸಾರ್ ಇಲ್ಲಿ," ಎಂದಳು ವೇಣಿ, ಊರ್ಮಿಳಾಳನ್ನು ದುರುಗುಟ್ಟಿ ನೋಡುತ್ತ.

ಗಂಡ ಕಣ್ಣಲ್ಲೇ ಹೆದರಿಸುತ್ತಿದ್ದ.

"ನಾನು ತುಂಬಿದ್ದು ಡಾಕ್ಟ್ರೇ," ಎಂದಳು ಊರ್ಮಿಳಾ. "ಈಗ್ಲೇ, ಇವಳು ಆಚೆ ಹೋದಾಗ. ಇವ್ರೇ ಹೇಳಿದ್ದು."

"ಬಾಯ್ಮುಚ್ಚೇ!"

"ಮುಚ್ಚಿದ್ರೆ ಮುಂದಿನ ತಿಂಗಳು ಹೃದಯಕ್ಕೆ ಎಲ್ಲಿಂದ ಹೋಗ್ತಾರಂತೆ?"

ಕಿರುಬೆರಳ ಕಡೆ ಅದುಮಿಯೇ ಇರಿ, ರಕ್ತ ಹೆಬ್ಬೆರಳ ಕಡೆ ನುಗ್ಗಲಿ, ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡಿ ಎಂದರು ಡಾಕ್ಟರು. ವೇಣಿ ಊರ್ಮಿಳಾಳ ಹೆಬ್ಬೆರಳನ್ನು ಎಳೆದು ಆ ನಾಳದ ಮೇಲೆ ಇಟ್ಟಳು. "ಔಷಧಿ ತರ್ತೀನಿ. ಇವ್ರು ಏನಂದ್ರೂ ಬಿಡ್ಬೇಡಿ. ಹೇಳಿದ್ದು ಕೇಳೋದು ನಿಮಗೆ ಚೆನ್ನಾಗಿ ಬರುತ್ತಲ್ಲ."

ಊರ್ಮಿಳಾ ಬೆರಳನ್ನು ಇನ್ನಷ್ಟು ಒತ್ತಿದಳು.

ಇಂಜೆಕ್ಷನ್ ಹೋಯಿತು. ಗೆರೆ ಗೆರೆಯಾಗಿಯೇ ಇತ್ತು. "ನೋಯ್ತಿದೆ, ಬಿಡೇ," ಎಂದ ಉಪೇಂದ್ರ. ಮತ್ತೆ, ದನಿ ಇಳಿಸಿ, "ಬಿಡು ಮಾರಾಯ್ತಿ."

"ನೋಯ್ಲಿ," ಎಂದಳು ಊರ್ಮಿಳಾ.

ತುಸು ಹೊತ್ತಾದ ಮೇಲೆ ಗೆರೆ ಅಲುಗಿತು. ಸಣ್ಣ ದಿಬ್ಬ, ಅದರ ಹಿಂದೆ ಇನ್ನೊಂದು. ಸಾಕು, ಇನ್ನು ಬೆರಳು ತೆಗೀರಿ ಎಂದು ವೇಣಿ ಊರ್ಮಿಳಾಗೆ ಎರಡು ಸಲ ಹೇಳಬೇಕಾಯಿತು.