ಎಡಸುತ್ತು

ಹಡಗು ಹತ್ತುವಾಗ ಎಡಚಣ್ಣ ತನ್ನ ಕಸುಬಿನ ಬಗ್ಗೆಯೇ ಸುಳ್ಳು ಹೇಳಿದ. "ಊರಲ್ಲಿ ಏನು ಮಾಡ್ಕೊಂಡಿದ್ದೀರಿ ಯಜಮಾನ್ರೇ?" ಎಂದು ಹಗ್ಗದ ಮೇಸ್ತ್ರಿ ಕೇಳಿದಾಗ, "ಹೊಲ ಮನೆ ನೋಡ್ಕೊಂಡಿದ್ದೀನಿ" ಎಂದುಬಿಟ್ಟ. ಹೊಲವೇನೋ ಒಂದು ತುಂಡು ಇತ್ತು. ಆದರೆ ಅವನ ಆಯುಷ್ಯವೆಲ್ಲ ಕಳೆದದ್ದು ಬಾವಿಯೊಳಗೆ. ತೋಡುವುದು, ಹೂಳೆತ್ತುವುದು, ಕುಸಿದ ಕಲ್ಲನ್ನು ಮತ್ತೆ ಕಟ್ಟುವುದು; ಸುತ್ತಿನ ಹಳ್ಳಿಗಳಲ್ಲಿ ಅವನು ಇಳಿಯದ ಬಾವಿ ಇರಲಿಲ್ಲ. ಬಾವಿಯ ಮಾತೆತ್ತಿದರೆ ಈ ಜನ ತನ್ನನ್ನು ಗುರುತು ಹಿಡಿದುಬಿಡುತ್ತಾರೆ ಎಂದು ಅವನಿಗೆ ಅಳುಕು. ಹಿಂದಿನ ವರ್ಷ ಇದೇ ಹಡಗಿನಲ್ಲಿ ದುಡಿಯುತ್ತಿದ್ದು, ಅದರ ಮೇಲಿಂದ ಸಮುದ್ರಕ್ಕೆ ಬಿದ್ದು ಹೋದವನು ಅವನ ಮಗ; ಅಪ್ಪನ ಬಾವಿಗಳ ಕಥೆಯನ್ನು ಅವನು ಇಲ್ಲಿ ಹೇಳದೆ ಇದ್ದಿರಲಾರ. ಸಮುದ್ರ ಅವನನ್ನು ಮರಳಿ ಕೊಟ್ಟಿರಲಿಲ್ಲ.

ಗುರುತು ಹೇಳಿಕೊಂಡು ಬಂದಿದ್ದರೆ ಕೈಹಿಡಿದು ಕೂರಿಸುತ್ತಿದ್ದರು, ಸಮಾಧಾನ ಹೇಳುತ್ತಿದ್ದರು. ಅವನಿಗೆ ಅದು ಬೇಕಿರಲಿಲ್ಲ. ವರ್ಷವಿಡೀ ಮನೆಗೆ ಬಂದವರೆಲ್ಲ ಅದನ್ನೇ ಕೊಟ್ಟುಹೋಗಿದ್ದರು. ಅವನಿಗೆ ಬೇಕಾಗಿದ್ದದ್ದು ಒಂದೇ: ಮಗ ಸತ್ತದ್ದು ಯಾರಿಂದ?

ಮನೆಯಲ್ಲಿ ಹೆಂಡತಿ ಅದಕ್ಕೆ ತಾನೇ ಉತ್ತರ ಕಂಡುಕೊಂಡು ಕೂತಿದ್ದಳು. ಅವತ್ತು ಬೆಳಗ್ಗೆ ಅವಳು ಮಗನಿಗೆ ಫೋನು ಮಾಡಿದ್ದಳು. ತಂಗಿಯ ಮದುವೆಯ ಮಾತುಕತೆಗೆ ಬಾ ಎಂದರೆ, ಹಡಗು ಬಿಟ್ಟು ಬರಲಾಗುವುದಿಲ್ಲ ಎಂದು ಅವನು ರಾಗ ಎಳೆದಿದ್ದ. ಇವಳಿಗೆ ಸಿಟ್ಟು ನೆತ್ತಿಗೇರಿ, "ಹಂಗಿದ್ರೆ ಆ ನೀರಲ್ಲೇ ಇದ್ದುಬಿಡು!" ಎಂದು ಫೋನು ಕುಕ್ಕಿದ್ದಳು. ಸಂಜೆಗೆ ಸುದ್ದಿ ಬಂತು. ಅಂದಿನಿಂದ ಅವಳು ಫೋನು ಮುಟ್ಟಿಲ್ಲ. ಅದು ಬಡಿದುಕೊಂಡರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ಅತ್ತಿದ್ದರಾದರೂ ಹಗುರಾಗುತ್ತಿದ್ದಳೇನೋ, ಅದೂ ಇಲ್ಲ. ಮಗಳ ಮದುವೆ ಮುಂದಕ್ಕೆ ಹೋಯಿತು. ಅಮ್ಮ ಒಂದು ಬೈದರೆ ಮಗ ಸಾಯುತ್ತಾನೇನೇ ಎಂದು ಎಡಚಣ್ಣ ಎಷ್ಟು ಹೇಳಿದರೂ, "ಮನಸ್ಸು ಕೆಟ್ಟಿತ್ತು ಅವನಿಗೆ. ಕೆಲಸದ ಮೇಲೆ ಗ್ಯಾನ ಇರ್ಲಿಲ್ಲ. ನನ್ನ ಬಾಯೇ ತಿಂದದ್ದು" ಎನ್ನುವಳು.

ಎಡಚಣ್ಣನ ಎದೆಯಲ್ಲಿ ಬೇರೆಯೇ ಒಂದು ಮುಳ್ಳು ಮುರಿದಿತ್ತು. ಸುದ್ದಿ ತಂದ ಹಡಗಿನ ಆಫೀಸಿನ ಮನುಷ್ಯ ಚಹಾ ಕುಡಿಯುತ್ತ, "ಗಾಳಿ ತಿರುಗ್ತಂತೆ. ಯಾವುದೋ ಹಗ್ಗ ರಾಟೆಯಲ್ಲಿ ಸಿಕ್ಕಿಹಾಕ್ಕೊಂಡಿತಂತೆ" ಎಂದಿದ್ದ. ಹಗ್ಗ ಎಂದ ಕೂಡಲೇ ಎಡಚಣ್ಣನಿಗೆ ತನ್ನ ಕೈ ನೆನಪಾಗಿತ್ತು. ಮಗನಿಗೆ ಹಗ್ಗ ಹಿಡಿಯಲು ಕಲಿಸಿದ್ದು ಆ ಕೈ. ಇದನ್ನು ಅವನು ಯಾರ ಹತ್ತಿರವೂ ಹೇಳಲಿಲ್ಲ. ಮಗಳ ಹತ್ತಿರ ಮಾತ್ರ, "ನಿಮ್ಮಣ್ಣ ಇದ್ದ ಹಡಗು ಒಂದ್ಸಲ ನೋಡ್ಬೇಕು" ಎಂದ. ಅವಳು ತನ್ನ ಫೋನಿನಲ್ಲೇ ಜಾಗ ಕಾದಿರಿಸಿದಳು.

ಅದು ಹಳೆಯ ಕಾಲದ ರೀತಿಯ ಹಾಯಿಹಡಗು. ಮರದ ಮೈ, ಮೂರು ಕಂಬ, ನೋಡಿದಲ್ಲೆಲ್ಲ ಹಗ್ಗ. ರಜೆ ಕಳೆಯಲು ಬಂದ ಜನ ದುಡ್ಡು ಕೊಟ್ಟು ಅದರ ಮೇಲೆ ಕೂಲಿಯವರಂತೆ ದುಡಿಯುತ್ತಿದ್ದರು. ಹಾಯಿ ಏರಿಸುವುದು, ಡೆಕ್ಕು ಉಜ್ಜುವುದು, ಸರದಿಯ ಮೇಲೆ ಚುಕ್ಕಾಣಿ ಹಿಡಿಯುವುದು. ಹಡಗು ದಡದ ಸಾಲನ್ನು ಬಿಡದೆ ಸಾಗಿ, ಸಂಜೆಗೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕುತ್ತಿತ್ತು. ಎಡಚಣ್ಣನ ಪಾಳಿಯಲ್ಲಿ ಹಲ್ಲಿನ ಡಾಕ್ಟರೊಬ್ಬರು, ಅವರ ಹೆಂಡತಿ ಇದ್ದರು. ಡಾಕ್ಟರು ಸೊಂಟಕ್ಕೆ ಟವೆಲ್ಲು ಬಿಗಿದು ಮೊಣಕಾಲೂರಿ ಉಜ್ಜುತ್ತಿದ್ದರೆ ಅವರಾಕೆ ಫೋನು ಹಿಡಿದು ನಿಂತಿದ್ದರು.

"ಮನೇಲಿ ಕುಡಿದ ಲೋಟ ಎತ್ತಿಟ್ಟವರಲ್ಲ ಇವರು. ಫೋಟೋ ತಕ್ಕೊಂಡಿದ್ದೀನಿ, ನಾಳೆ ಸಾಕ್ಷಿಗೆ ಬೇಕಾಗುತ್ತೆ."

"ನೋಡಿ ಯಜಮಾನ್ರೇ, ದಿನಾ ಜನ ನನ್ನ ಕುರ್ಚೀಲಿ ಕೂತು ಅಯ್ಯೋ ಅಪ್ಪಾ ಅಂತಾರೆ. ಈಗ ನನ್ನ ಸರದಿ" ಎಂದು ಡಾಕ್ಟರು ಸೊಂಟ ಹಿಡಿದುಕೊಂಡು ಎದ್ದರು. ಎಡಚಣ್ಣ ನಕ್ಕ. ನಗು ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಇದೇ ಹಲಗೆಯ ಮೇಲೆ ಮಗನೂ ಮೊಣಕಾಲೂರಿರಬೇಕು.

ಹಗ್ಗದ ಮೇಸ್ತ್ರಿ ನರೆತ ಗಡ್ಡದ, ಮಾತು ಕಡಿಮೆಯ ಆಳು. ಹಡಗಿನ ಮೇಲಿನ ಹಗ್ಗಕ್ಕೆಲ್ಲ ಅವನೇ ದಿಕ್ಕು. ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಪಾಠ ಹೇಳಿದ. "ಇಲ್ಲಿ ಯಾವ ಹಗ್ಗಾನೂ ಬಲಕ್ಕೇ ಸುತ್ತಬೇಕು. ಸೂರ್ಯ ತಿರುಗೋ ದಿಕ್ಕಿಗೆ. ಎಡಕ್ಕೆ ಸುತ್ತಿದ್ರೆ ಬಿಡೋ ಹೊತ್ತಿಗೆ ಮುರಿ ಬೀಳುತ್ತೆ, ತಿರುಚಿಕೊಂಡು ರಾಟೇಲಿ ಕಚ್ಚಿಕೊಳ್ಳುತ್ತೆ. ಬೇರೆ ಏನು ಮರೆತರೂ ಇದೊಂದು ಮರೀಬೇಡಿ."

ಇದೊಂದು ಎನ್ನುವಾಗ ಅವನ ಕಣ್ಣು ಸಮುದ್ರದ ಕಡೆ ಹೋಗಿ ಬಂದದ್ದನ್ನು ಎಡಚಣ್ಣ ಬಿಟ್ಟು ಬೇರೆ ಯಾರೂ ಕಾಣಲಿಲ್ಲ.

ಎಡಚಣ್ಣ ಹಗ್ಗವನ್ನು ಬೆರಳಲ್ಲಿ ಹಿಸುಕಿ ನೋಡಿದ. ಹುರಿ ತಿರುಗಾಮುರುಗಾ ಇತ್ತು. ಅಂದರೆ, ಲೋಕಕ್ಕೆ ಅದು ಸರಿಯಾದ ಹುರಿಯೇ. ತಿರುಗಾಮುರುಗಾ ಇದ್ದದ್ದು ಅವನ ಮನೆಯದು. ಅವನ ಬಾವಿಯ ಹಗ್ಗಗಳನ್ನೆಲ್ಲ ಅವನೇ ಕತ್ತಾಳೆ ನಾರಿನಿಂದ ಹೊಸೆದುಕೊಳ್ಳುತ್ತಿದ್ದ. ಎಡಗೈಯವನು ಹೊಸೆದರೆ ಹುರಿ ಎಡಕ್ಕೆ ಓಡುತ್ತದೆ. ಅಂಥ ಹಗ್ಗವನ್ನು ಎಡಕ್ಕೆ ಸುತ್ತಿದರೇನೇ ಅದು ಹಾಲು ಕುಡಿದ ಕರುವಿನಂತೆ ತೆಪ್ಪಗೆ ಮಲಗುವುದು. ಮಗನೂ ಎಡಚನೇ. ಮೂರಡಿ ಎತ್ತರವಿದ್ದಾಗಲೇ ಬಾವಿಕಟ್ಟೆಯ ಮೇಲೆ ನಿಂತು ಅಪ್ಪನ ಹಾಗೇ ಎಡಗೈ ಬೀಸಿ ಬೀಸಿ ಸುತ್ತುತ್ತಿದ್ದ. ನೋಡಿದವರು, "ಅಚ್ಚು ಒತ್ತಿದ ಹಾಗಿದೆ ಕಣಯ್ಯ" ಎನ್ನುವರು. ಎಡಚಣ್ಣ ಆಗ ಉಬ್ಬಿಹೋಗುತ್ತಿದ್ದ.

ಮೊದಲ ದಿನ ಅವನು ಮೈಯೆಲ್ಲ ಕಣ್ಣಾಗಿ ಬಲಕ್ಕೇ ಸುತ್ತಿದ. ಒಂದೊಂದು ಸುತ್ತಿಗೂ ಕೈಗೆ ಬುದ್ಧಿ ಹೇಳಬೇಕಾಯಿತು. ಆದರೂ ಸುತ್ತಿದ. ಮುಗಿಸಿ ಗೂಟಕ್ಕೆ ನೇತುಹಾಕಿದಾಗ ಎದೆಯ ಮೇಲಿನ ಭಾರ ಕೊಂಚ ಸರಿದಂತಾಯಿತು. ಮುದುಕ ನಾನೇ ಒಂದು ದಿನಕ್ಕೆ ಕಲಿತೆ, ಹುಡುಗ ಇಲ್ಲಿ ಅಷ್ಟು ಕಾಲ ಇದ್ದವನು, ಕಲಿಯದೆ ಇದ್ದಾನೆಯೇ? ಹಾಗಾದರೆ ನನ್ನಿಂದಲ್ಲ. ಬೇರೆ ಏನೋ ಇದ್ದೀತು. ಆ ಬೇರೆ ಏನೋ ಹೆಂಡತಿಯ ಬೈಗುಳವೇ ಆಗಿದ್ದರೆ ಎಂದುಕೊಂಡಾಗ ಮಾತ್ರ, ಸರಿದ ಭಾರ ಮತ್ತೆ ಅಲ್ಲೇ ಬಂದು ಕೂತಿತು.

ಮರುದಿನ ಮಧ್ಯಾಹ್ನ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದಾಗ ದಡದ ಗುಡ್ಡದ ಹಿಂದಿನಿಂದ ಗಾಳಿ ಒಮ್ಮೆಲೇ ನುಗ್ಗಿತು. ಹಡಗು ಒಂದು ಮಗ್ಗುಲಿಗೆ ವಾಲಿತು. ತಟ್ಟೆಗಳು ಉರುಳಿದವು. "ಹಾಯಿ ಇಳಿಸಿ!" ಎಂದು ಕ್ಯಾಪ್ಟನ್ ಕೂಗಿದ್ದೇ ತಡ, ಎಲ್ಲರೂ ಬಿದ್ದಂಬೀಳ ಓಡಿದರು. ಎಡಚಣ್ಣನೂ ಡಾಕ್ಟರೂ ಎಳೆದರು. ಒದ್ದೆ ಹಗ್ಗ ಕಾಲಡಿ ರಾಶಿ ಬಿತ್ತು. "ಅದನ್ನ ಸುತ್ತಿ, ಬೇಗ, ಬೇಗ! ಮತ್ತೆ ಬಿಡಬೇಕಾಗುತ್ತೆ!" ಎಂದು ಮೇಸ್ತ್ರಿ ಕೂಗಿದ. ಎಡಚಣ್ಣ ಬಾಗಿ ಸುತ್ತತೊಡಗಿದ. ಯೋಚಿಸಲು ಪುರಸೊತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ನಡೆಯಿತು.

ಮೇಸ್ತ್ರಿ ಹಾರಿಬಂದು ಅವನ ಮಣಿಕಟ್ಟು ಹಿಡಿದ. ಬೈಯಲು ತೆರೆದ ಬಾಯಿ ಹಾಗೆಯೇ ಉಳಿಯಿತು. ಎಡಚಣ್ಣನ ಕೈಯಲ್ಲಿದ್ದ ಸುತ್ತನ್ನು ನೋಡಿದ, ಮುಖ ನೋಡಿದ, ಮತ್ತೆ ಸುತ್ತನ್ನು ನೋಡಿದ. ಆಮೇಲೆ ಹಗ್ಗ ಕಿತ್ತುಕೊಂಡು, ಕೊಡವಿ, ಬಲಕ್ಕೆ ಸುತ್ತಿ ಎಸೆದು ಮುಂದಿನದಕ್ಕೆ ಓಡಿದ.

ಗಾಳಿ ಬಂದಷ್ಟೇ ಬೇಗ ಹೋಯಿತು. ಡಾಕ್ಟರು ಹೆಂಡತಿಯ ಹತ್ತಿರ ತಮ್ಮ ಶೌರ್ಯ ಹೇಳಿಕೊಳ್ಳುತ್ತಿದ್ದರು. ಎಡಚಣ್ಣ ಮುಂಭಾಗದಲ್ಲಿ ಮರದ ದಿಮ್ಮಿಯ ಮೇಲೆ ಕೂತು ತನ್ನ ಎಡಗೈಯನ್ನೇ ನೋಡುತ್ತಿದ್ದ. ಅವನಿಗೆ ಉತ್ತರ ಸಿಕ್ಕಿಹೋಗಿತ್ತು. ಆದರೂ ಬಾಯಿಂದ ಕೇಳಬೇಕಿತ್ತು.

ಮೇಸ್ತ್ರಿ ಬಂದು ಪಕ್ಕದಲ್ಲಿ ಕೂತ.

"ಈ ಹಡಗಲ್ಲಿ ಹಂಗೆ ಸುತ್ತಿದವನು ಒಬ್ಬನೇ. ಕೈ ಬೀಸೋದೂ ಅದೇ ಥರ" ಎಂದ. "ನೀವು ಅವನ ಅಪ್ಪ."

"ಹೂಂ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ನಿಜ ಹೇಳ್ತಿರ್ಲಿಲ್ಲ. ಈಗ ಹೇಳಿ. ಸಿಕ್ಕಿಕೊಂಡ ಹಗ್ಗ ಸುತ್ತಿದ್ದು ಅವನೇನಾ?"

ಮೇಸ್ತ್ರಿ ಗಡ್ಡ ಉಜ್ಜಿಕೊಂಡ. ಇಲ್ಲ ಎಂದುಬಿಡುವುದು ಎಷ್ಟು ಸುಲಭ ಎಂದು ಅವನು ಅಳೆಯುತ್ತಿದ್ದದ್ದು ಎಡಚಣ್ಣನಿಗೆ ಕಾಣುತ್ತಿತ್ತು.

"ಅವನೇ" ಎಂದ ಕೊನೆಗೆ. "ದಿನಾ ಬಲಕ್ಕೇ ಸುತ್ತುತ್ತಿದ್ದ. ಸುತ್ತಿ ನನ್ನ ಕಡೆ ನೋಡಿ, ಸರೀನಾ ಗುರುವೇ ಅಂತ ಹಲ್ಲು ಕಿರೀತಿದ್ದ. ಅವತ್ತು ಇವತ್ತಿನ ಥರಾನೇ ಗಾಳಿ. ಅವಸರದಲ್ಲಿ ಸುತ್ತಿಟ್ಟ. ಗಾಳಿ ತಿರುಗಿದಾಗ ಬಿಟ್ವಿ. ಅರ್ಧ ಓಡಿ ರಾಟೇಲಿ ಕಚ್ಕೊಂಡ್ತು. ತಾನು ಸುತ್ತಿದ್ದು ಅಂತ ಅವನಿಗೆ ತಿಳೀತು. ಬಿಡಿಸೋಕೆ ಅವನೇ ಓಡಿದ. ಹಾಯಿ ಹೊರಳಿ ಹೊಡೀತು."

"ಬಾವೀಲಿ ಹಗ್ಗ ಕೈಯಲ್ಲೇ ಇಳಿಯುತ್ತೆ" ಎಂದ ಎಡಚಣ್ಣ, ಯಾರ ಪರವಾಗಿಯೋ ವಾದ ಮಾಡುವವನಂತೆ. "ಮುರಿ ಬಿದ್ರೆ ಬೆರಳಿಗೆ ಗೊತ್ತಾಗುತ್ತೆ. ಬಿಡಿಸಿ ಇಳಿಸ್ತೀವಿ."

"ಇಲ್ಲಿ ಅದು ಕೈ ಬಿಟ್ಟು ಓಡುತ್ತೆ."

"ಹೌದು. ಓಡುತ್ತೆ."

ಎಡಚಣ್ಣ ಮೇಸ್ತ್ರಿಯ ಕಡೆ ತಿರುಗಿ ಕೇಳಿದ, "ಅವತ್ತು ಬೆಳಗ್ಗೆ ಅವನ ಮುಖ ಹೆಂಗಿತ್ತು? ಮನೆಯಿಂದ ಫೋನು ಬಂದಿತ್ತು."

ಮೇಸ್ತ್ರಿಯ ಮುಖ ಸಡಿಲವಾಯಿತು. "ಫೋನು! ಅಡುಗೆಯವನಿಗೆ, ನನಗೆ, ಎಲ್ಲರಿಗೂ ನಟನೆ ಮಾಡಿ ತೋರ್ಸಿದ್ನಲ್ಲ! ಸೊಂಟದ ಮೇಲೆ ಕೈ ಇಟ್ಟು, 'ಆ ನೀರಲ್ಲೇ ಇದ್ದುಬಿಡು!' ಅಂತ. ನಮ್ಮಮ್ಮ ಹಿಂಗೆ ಬೈದಳು ಅಂದ್ರೆ ಹೋಗ್ಲೇಬೇಕು, ಬೈದಿಲ್ಲ ಅಂದ್ರೆ ತಪ್ಪಿಸ್ಕೋಬಹುದು ಅಂದ. ನಗ್ತಾ ನಗ್ತಾನೇ ಕ್ಯಾಪ್ಟನ್ ಹತ್ರ ಹೋಗಿ ರಜೆ ಕೇಳ್ದ. ಕೊಟ್ರು ಕೂಡ."

ಎಡಚಣ್ಣ ಮೇಸ್ತ್ರಿಯ ಕಣ್ಣನ್ನೇ ನೋಡಿದ. ಸಮಾಧಾನಕ್ಕೆ ಹೇಳಿದ್ದಲ್ಲ. ಸಮಾಧಾನ ಹೇಳುವವನಾಗಿದ್ದರೆ ಹಗ್ಗದ ಮಾತನ್ನು ನುಂಗಿಕೊಳ್ಳುತ್ತಿದ್ದ. ಕಹಿಯನ್ನು ಮುಚ್ಚಿಡದವನು ಸಿಹಿಯಲ್ಲಿ ಮೋಸ ಮಾಡಲಾರ.

ಉಳಿದ ದಿನಗಳಲ್ಲಿ ಎಡಚಣ್ಣ ಹಗ್ಗ ಮುಟ್ಟಲಿಲ್ಲ. ಡೆಕ್ಕು ಉಜ್ಜಿದ, ಅಡುಗೆಯವನಿಗೆ ಈರುಳ್ಳಿ ಹೆಚ್ಚಿಕೊಟ್ಟ. ಒಂದು ಬೆಳಗ್ಗೆ ಮೇಸ್ತ್ರಿ ಹಡಗಿನ ಬದಿಯಲ್ಲಿ ಒಂದು ಜಾಗ ತೋರಿಸಿದ. ಎಡಚಣ್ಣ ಅಲ್ಲಿ ನಿಂತು ಕಟಾಂಜನದ ಮರವನ್ನು ಅಂಗೈಯಿಂದ ಸವರಿದ. ಎಲ್ಲ ಕಡೆ ಇದ್ದಂತೆಯೇ ಅಲ್ಲೂ ಮರ ನುಣ್ಣಗಿತ್ತು.

ಹಡಗು ಬಂದರಿಗೆ ಬಂದಾಗ ಡಾಕ್ಟರು ಎಲ್ಲರನ್ನೂ ಸೇರಿಸಿ ಫೋಟೋ ತೆಗೆಸುತ್ತಿದ್ದರು. ಎಡಚಣ್ಣ ಚೀಲ ಹೆಗಲಿಗೇರಿಸಿ, ಬಸ್ಸು ನಿಲ್ಲುವ ಕಡೆ ಕಲ್ಲುಕಟ್ಟೆಯ ಮೇಲೆ ಕೂತು ಮನೆಗೆ ಫೋನು ಮಾಡಿದ. ಮಗಳು ಎತ್ತಿಕೊಂಡಳು.

"ನಿಮ್ಮಮ್ಮಂಗೆ ಕೊಡು."

"ಗೊತ್ತಲ್ಲಪ್ಪ, ಹಿಡಿಯಲ್ಲ."

"ಅವಳ ಕಿವಿ ಹತ್ರ ನೀನೇ ಹಿಡಿ."

ಅತ್ತ ಗುಸುಗುಸು, ಯಾರೋ ಎದ್ದ ಸದ್ದು, ಬಳೆಯ ಸದ್ದು. ಎಡಚಣ್ಣ ದನಿ ಎತ್ತಿದ. "ಲೇ, ಕೇಳು. ಅವನು ಬೇಜಾರು ಮಾಡ್ಕೊಂಡಿರ್ಲಿಲ್ಲ. ನೀನು ಬೈದದ್ದನ್ನ ನಟನೆ ಮಾಡಿ ಎಲ್ರನ್ನೂ ನಗ್ಸಿದ್ನಂತೆ. ಮನೆಗೆ ಬರೋಕೆ ರಜೆ ಕೇಳಿದ್ನಂತೆ."

ದೂರದಿಂದ ಒಣಗಿದ ದನಿ ಬಂತು. "ಸಾಕು ಸುಮ್ನಿರಿ. ಊರವರೆಲ್ಲ ಹೇಳಿ ಆಯ್ತು, ಈಗ ನೀವು ಹಿಡ್ಕೊಂಡ್ರಾ. ಇದನ್ನ ಹೇಳೋಕೆ ಅಷ್ಟು ದೂರ ಹೋಗ್ಬೇಕಿತ್ತಾ?"

ನಂಬಲಿಲ್ಲ. ನಂಬಿಸಲು ಒಂದೇ ದಾರಿ ಇತ್ತು. ಅದನ್ನು ಅವನು ತನ್ನೊಳಗೇ ಇಟ್ಟುಕೊಂಡು ಮಣ್ಣಾಗಬೇಕೆಂದಿದ್ದ.

"ಹಗ್ಗ ಸಿಕ್ಕಿಕೊಂಡಿತ್ತಲ್ಲ, ಅದನ್ನ ಎಡಕ್ಕೆ ಸುತ್ತಿದ್ನಂತೆ ಕಣೆ" ಎಂದ. "ಅಲ್ಲಿ ಬಲಕ್ಕೆ ಸುತ್ತಬೇಕು. ಅವಸರದಲ್ಲಿ ನಾನು ಕಲಿಸಿದ್ದು ಬಂದುಬಿಡ್ತು. ಅದಕ್ಕೇ ಹೋದದ್ದು. ನಿನ್ನ ಬಾಯಿಂದಲ್ಲ. ನನ್ನ ಕೈಯಿಂದ."

ಅತ್ತ ಮತ್ತೆ ಬಳೆಯ ಸದ್ದು. ಆಮೇಲೆ ಅವಳ ಉಸಿರು ಹತ್ತಿರ ಕೇಳಿಸಿತು. ಫೋನನ್ನು ಅವಳೇ ಹಿಡಿದುಕೊಂಡಿದ್ದಳು.

"ರಜೆ ಕೇಳಿದ್ನಾ?"

"ಕೇಳಿದ್ದ."

"ಎಷ್ಟು ದಿನಕ್ಕೆ?"

ಎಡಚಣ್ಣ ಅದನ್ನು ಕೇಳಿರಲಿಲ್ಲ. "ಕೇಳ್ಲಿಲ್ಲ ಕಣೆ" ಎಂದ.

"ಕೇಳ್ಬೇಕಿತ್ತು" ಎಂದಳು. ಎಂದವಳೇ ಅಳತೊಡಗಿದಳು. ವರ್ಷದಿಂದ ಕಟ್ಟಿಕೊಂಡದ್ದು ಕಟ್ಟೆ ಒಡೆದು ಬಂತು. ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಕೂತ. ಅವನ ಕಣ್ಣಿಗೆ ನೀರು ಬರಲಿಲ್ಲ. ಆ ಸರದಿ ಇನ್ನು ಅವನದು, ಅದಕ್ಕೆ ಬೇಕಾದಷ್ಟು ಕಾಲವಿತ್ತು.

ಕೊನೆಗೆ ಅವಳು ಮೂಗು ಸೀಟಿದಳು. "ಕೈ ಗೀ ಅಂತ ಇನ್ಯಾರ ಮುಂದೇನೂ ಹೇಳೋಕೆ ಹೋಗ್ಬೇಡಿ. ನಂಗೆ ಹೇಳಿದ್ರಲ್ಲ, ಸಾಕು. ಬಸ್ಸು ಹತ್ತಿ ಬನ್ನಿ."

ಅತ್ತ ಹಡಗಿನ ಮೇಲೆ ಮೇಸ್ತ್ರಿ ಹಗ್ಗ ಸುತ್ತುತ್ತಿದ್ದ, ಬಲಕ್ಕೆ, ನಿಧಾನವಾಗಿ, ಒಂದರ ಮೇಲೊಂದು. ಬಸ್ಸು ಬಂತು. ಎಡಚಣ್ಣ ಹತ್ತುವಾಗ ಎಡಗೈ ತಾನಾಗಿ ಕಂಬಿಯ ಕಡೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದುಕೊಂಡು, ಚೀಲವನ್ನು ಆ ಕೈಗೆ ಕೊಟ್ಟು, ಬಲಗೈಯಲ್ಲಿ ಕಂಬಿ ಹಿಡಿದು ತಡವರಿಸುತ್ತ ಹತ್ತಿದ.